ವೈಫೈ ಬಿಟ್ಟು ಗೇಟು ದಾಟಿದರೆ ಕಾಲ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಸರ್, ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಲಸ ಬೆಂಗಳೂರಿನ ಕಂಪನಿಯಲ್ಲಿ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ, ಎರಡು ದಿನ ರೈಲಿನಲ್ಲಿ ಹೋಗಿಬರುತ್ತೇನೆ. ಮೊಬೈಲಿನಲ್ಲಿ ಮೀಟಿಂಗ್ ನಡೆಯುವಾಗ ಮಾತಾಡುತ್ತಾ ಗೇಟಿನ ಕಡೆ ಹೋದರೆ ಹತ್ತು ಹದಿನೈದು ಸೆಕೆಂಡು ಎಲ್ಲ ನಿಂತುಹೋಗುತ್ತದೆ. ಫೋನಿನಲ್ಲಿ ವೈಫೈ ಗುರುತು ಹಾಗೇ ಇರುತ್ತದೆ. ಮಹಡಿಗೆ ಅಂತ ಇನ್ನೊಂದು ರೌಟರ್ ಹಾಕಿಸಿದೆವು. ಮೆಟ್ಟಿಲು ಹತ್ತಿದರೂ ಅದೇ ಕತೆ. ನಮ್ಮ ಯಜಮಾನರು ಯೂಟ್ಯೂಬ್ ನೋಡುತ್ತಾ ಮನೆಯೆಲ್ಲ ಓಡಾಡುತ್ತಾರೆ, ಅವರಿಗೆ ಏನೂ ಆಗಲ್ಲ. ಮೊನ್ನೆ ಗೇಟಿನ ಹತ್ತಿರ ತರಕಾರಿ ಗಾಡಿಯವರಿಗೆ ಯುಪಿಐನಲ್ಲಿ ದುಡ್ಡು ಕಳಿಸುವಾಗ ಚಕ್ರ ಸುತ್ತುತ್ತಲೇ ಇತ್ತು. ಮತ್ತೆ ಒತ್ತಿದೆ, ಎರಡು ಸಲ ಹೋಯಿತು. ರೈಲಿನಲ್ಲಿ ಲ್ಯಾಪ್‌ಟಾಪಿನ ವಿಪಿಎನ್, ಅಂದರೆ ಆಫೀಸಿನ ಜಾಲಕ್ಕೆ ಸೇರಿಸುವ ಭದ್ರ ಸಂಪರ್ಕ, ಪದೇ ಪದೇ ಕಡಿದುಹೋಗುತ್ತದೆ. ಅಂಗಡಿಯವರು 5ಜಿ ಫೋನ್ ತಗೊಳ್ಳಿ, ಇಲ್ಲಾಂದ್ರೆ ಸಿಗ್ನಲ್ ಬೂಸ್ಟರ್ ಹಾಕಿಸಿ ಅಂತಾರೆ. ಯಜಮಾನರು ವೈಫೈ ಆಫ್ ಮಾಡಿಬಿಡು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಹೊಸ ಫೋನೂ ತಗೋಬೇಡಿ, ಬೂಸ್ಟರೂ ಹಾಕಿಸಬೇಡಿ. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸರಿ ಇದೆ. ಆ ಅರ್ಧ ಯಾವುದು ಅಂತ ಮುಂದೆ ಹೇಳುತ್ತೇನೆ.

ನೀವು ಬರೆದಿರುವುದು ಒಂದೇ ತೊಂದರೆಯ ಹಾಗೆ ಕಾಣುತ್ತದೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಗೇಟಿನ ಹತ್ತಿರ ಆಗುವುದು ಒಂದು, ಮೆಟ್ಟಿಲ ಮೇಲೆ ಆಗುವುದು ಇನ್ನೊಂದು, ರೈಲಿನಲ್ಲಿ ಆಗುವುದು ಮತ್ತೊಂದು. ಮೆಟ್ಟಿಲಿನದನ್ನು ಒಂದು ಸಂಜೆಯಲ್ಲಿ ಖರ್ಚಿಲ್ಲದೆ ಸರಿಮಾಡಬಹುದು. ಗೇಟಿನದನ್ನು ಬಹುಮಟ್ಟಿಗೆ ತಪ್ಪಿಸಬಹುದು. ರೈಲಿನದರಲ್ಲಿ ಸ್ವಲ್ಪ ನಮ್ಮ ಕೈಯಲ್ಲಿದೆ, ಸ್ವಲ್ಪ ಇಲ್ಲ.

ಗೇಟಿನ ಹತ್ತಿರ ಏನಾಗುತ್ತದೆ

ಕೆಲವು ವರ್ಷಗಳ ಹಿಂದೆ ನಿಮ್ಮಂಥದ್ದೇ ದೂರು ಇದ್ದ ಒಂದು ಮನೆಗೆ ಹೋಗಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಲ್ಯಾಪ್‌ಟಾಪು. ರೌಟರಿಗೆ ಸೆಕೆಂಡಿಗೊಂದು ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡುತ್ತಾ ಹಾಲಿನಿಂದ ಹೊರಟೆ. ಹಾಲಿನಲ್ಲಿ ಉತ್ತರ 4 ಮಿಲಿಸೆಕೆಂಡಿಗೆ ಬರುತ್ತಿತ್ತು. ವರಾಂಡದಲ್ಲೂ ಹೆಚ್ಚುಕಡಿಮೆ ಅಷ್ಟೇ. ತುಳಸಿಕಟ್ಟೆ ದಾಟಿದ ಮೇಲೆ 60, ಆಮೇಲೆ 300, ಗೇಟಿನ ಚಿಲಕಕ್ಕೆ ಕೈ ಹಾಕುವಾಗ 900. ಆಮೇಲೆ ಉತ್ತರವೇ ಇಲ್ಲ. ಆಗಲೂ ಫೋನಿನಲ್ಲಿ ವೈಫೈಯ ಒಂದು ಗೆರೆ ಉಳಿದೇ ಇತ್ತು. ರಸ್ತೆಗೆ ಬಂದು ಪಕ್ಕದ ಮನೆಯ ಕಾಂಪೌಂಡಿನವರೆಗೆ ನಡೆದ ಮೇಲೆ ಫೋನು ವೈಫೈ ಬಿಟ್ಟು 4ಜಿ ಹಿಡಿಯಿತು. ಆ ರಸ್ತೆಯಲ್ಲಿ 4ಜಿ ಚೆನ್ನಾಗಿಯೇ ಇತ್ತು. ಬೇಕಾದ್ದು ಪಕ್ಕದಲ್ಲೇ ಇದ್ದರೂ ಫೋನು ಹಳೆಯದನ್ನೇ ಹಿಡಿದುಕೊಂಡು ಕೂತಿತ್ತು.

ನಿಮ್ಮ ತೊಂದರೆಯ ತಿರುಳು ಇದೇ. ಸಿಗ್ನಲ್ ಕಡಿಮೆ ಇರುವುದಕ್ಕಿಂತ, ಬಿಡಬೇಕಾದಾಗ ಬಿಡದೆ ಇರುವುದು ಜಾಸ್ತಿ ಕಾಟ ಕೊಡುತ್ತದೆ. ನಮ್ಮ ಕಸುಬಿನಲ್ಲಿ ಇಂಥ ಫೋನಿಗೆ ಸ್ಟಿಕ್ಕಿ ಕ್ಲೈಂಟ್ ಅನ್ನುತ್ತೇವೆ. ಅಂಟಿಕೊಂಡದ್ದು ಅಂತ.

ಒಂದು ಗೆರೆ ಇದ್ದರೂ ಕೆಲಸ ಆಗದೆ ಇರುವುದಕ್ಕೆ ಕಾರಣ ಇದೆ. ರೌಟರಿನದು ಗಟ್ಟಿ ದನಿ, ಫೋನಿನದು ಸಣ್ಣ ದನಿ. ಮಹಡಿ ಮೇಲಿಂದ ಯಾರೋ ಜೋರಾಗಿ ಕೂಗಿದರೆ ರಸ್ತೆಯಲ್ಲಿರುವ ನಿಮಗೆ ಕೇಳಿಸುತ್ತದೆ. ನೀವು ಮೆಲ್ಲಗೆ ಹೇಳಿದ್ದು ಅವರಿಗೆ ಕೇಳಿಸುವುದಿಲ್ಲ, ಅಲ್ವಾ? ಗೇಟಿನ ಹತ್ತಿರ ಆಗುವುದು ಇದೇ. ಫೋನಿಗೆ ರೌಟರ್ ಕೇಳಿಸುತ್ತದೆ, ಅದಕ್ಕೇ ಗೆರೆ ತೋರಿಸುತ್ತದೆ. ರೌಟರಿಗೆ ಫೋನು ಕೇಳಿಸುವುದಿಲ್ಲ. ಹಾಗಾಗಿ ದೊಡ್ಡ ಆಂಟೆನಾ ಇರುವ ರೌಟರ್ ತಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ರೌಟರಿನ ದನಿ ಇನ್ನೂ ದೂರ ಹೋಗಿ, ಫೋನು ಇನ್ನೂ ನಾಲ್ಕು ಹೆಜ್ಜೆ ಜಾಸ್ತಿ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಇಲ್ಲಿ ಇನ್ನೊಂದು ಮುಖ್ಯ ವ್ಯತ್ಯಾಸ ಇದೆ. ಮೊಬೈಲ್ ಟವರಿನ ಜಾಲದಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕು ಅಂತ ತೀರ್ಮಾನ ಮಾಡುವುದು ನೆಟ್‌ವರ್ಕು. ಫೋನು ಸುತ್ತಲಿನ ಟವರುಗಳನ್ನು ಅಳೆದು ವರದಿ ಕೊಡುತ್ತದೆ, ಅಷ್ಟೆ. ಮುಂದಿನ ಟವರಿನಲ್ಲಿ ಜಾಗ ಮೊದಲೇ ಸಿದ್ಧವಾಗಿರುತ್ತದೆ. ವೈಫೈನಲ್ಲಿ ಹಾಗಲ್ಲ. ಬಿಡುವುದೂ ಹಿಡಿಯುವುದೂ ಫೋನಿನ ಇಷ್ಟ. ಐಫೋನಿನ ವಿಷಯದಲ್ಲಿ ಆಪಲ್ ಇದನ್ನು ಬರೆದೇ ಇಟ್ಟಿದೆ. ಸಿಗ್ನಲ್ಲಿನ ಶಕ್ತಿಯನ್ನು ಡಿಬಿಎಂ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಅದು ಮೈನಸ್ 70 ಡಿಬಿಎಂಗಿಂತ ಕೆಳಗೆ ಇಳಿದ ಮೇಲೆ ಮಾತ್ರ ಐಫೋನು ಅದೇ ಹೆಸರಿನ ಬೇರೆ ವೈಫೈ ಹುಡುಕಲು ಶುರುಮಾಡುತ್ತದೆ. ಡೇಟಾ ಓಡುತ್ತಿರುವಾಗ ಹೊಸದು ಹಳೆಯದಕ್ಕಿಂತ 8 ಡಿಬಿಯಷ್ಟು ಚೆನ್ನಾಗಿದ್ದರೆ ಮಾತ್ರ ಹಾರುತ್ತದೆ. ಈ ಅಳತೆಯಲ್ಲಿ 10 ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಿತು ಅಂತ ಅರ್ಥ. ಮೈನಸ್ 70ರಿಂದ ಮೈನಸ್ 80ಕ್ಕೆ ಹೋಗಲು ಒಂದು ಗೋಡೆ ಸಾಕು. ಆಂಡ್ರಾಯ್ಡ್ ಫೋನುಗಳಲ್ಲಿ ಈ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ.

ಫೋನು ತಯಾರಿಸುವವರು ಬೇಕಂತಲೇ ಅಂಟಿಸಿಟ್ಟಿದ್ದಾರೆ. ಮೊಬೈಲ್ ಡೇಟಾಗೆ ಮಿತಿ ಇರುತ್ತದೆ, ಬ್ಯಾಟರಿಯೂ ಜಾಸ್ತಿ ಖರ್ಚಾಗುತ್ತದೆ. ಗೋಡೆ ಮರೆಯಾದಾಗಲೆಲ್ಲ ಫೋನು ಅತ್ತಿಂದಿತ್ತ ಹಾರುತ್ತಿದ್ದರೆ ಅದೂ ಕಷ್ಟ.

ವಿಳಾಸ ಬದಲಾದಾಗ

ಅಂಟಿಕೊಂಡಿದ್ದದ್ದು ಬಿಟ್ಟ ಮೇಲೂ ತೊಂದರೆ ಮುಗಿಯುವುದಿಲ್ಲ. ವೈಫೈನಲ್ಲಿ ಇರುವಾಗ ಇಂಟರ್ನೆಟ್ಟಿನ ಕಣ್ಣಿಗೆ ನಿಮ್ಮ ಫೋನಿನದು ಒಂದು ಐಪಿ ವಿಳಾಸ, ಅಂದರೆ ಮಾಹಿತಿ ಎಲ್ಲಿಗೆ ಬರಬೇಕು ಅಂತ ಹೇಳುವ ಸಂಖ್ಯೆ. ಮೊಬೈಲ್ ಡೇಟಾಗೆ ಬಂದ ಕೂಡಲೇ ಇನ್ನೊಂದು. ಇಂಟರ್ನೆಟ್ಟಿನಲ್ಲಿ ಎರಡು ಯಂತ್ರಗಳು ಮಾತಾಡಿಕೊಳ್ಳುವ ಹಳೆಯ ಪದ್ಧತಿಗೆ ಟಿಸಿಪಿ ಅಂತ ಹೆಸರು. ಟಿಸಿಪಿ ಸಂಪರ್ಕವನ್ನು ಗುರುತಿಸುವುದೇ ವಿಳಾಸದಿಂದ. ಈ ಕಡೆಯ ವಿಳಾಸ, ಆ ಕಡೆಯ ವಿಳಾಸ, ಎರಡೂ ಕಡೆಯ ಪೋರ್ಟ್ ನಂಬರು (ಯಾವ ಆ್ಯಪಿಗೆ ಸೇರಿದ್ದು ಅಂತ ತಿಳಿಸುವ ಸಂಖ್ಯೆ), ಇವು ನಾಲ್ಕು ಸೇರಿದರೆ ಒಂದು ಸಂಪರ್ಕ. ಒಂದು ಬದಲಾದರೂ ಅದು ಮುರಿದ ಹಾಗೆಯೇ. ಮನೆ ಖಾಲಿಮಾಡಿಕೊಂಡು ಹೋದ ಮೇಲೂ ಹಳೇ ವಿಳಾಸಕ್ಕೇ ಕಾಗದ ಬರುತ್ತಿದ್ದರೆ ಹೇಗೋ ಹಾಗೆ. ನಿಮ್ಮ ಮೀಟಿಂಗ್ ಆ್ಯಪಿಗೆ ಮೊದಲು ಏನೂ ಬರುತ್ತಿಲ್ಲ ಅಂತ ಗೊತ್ತಾಗಬೇಕು. ಆಮೇಲೆ ಹೊಸ ದಾರಿ ಹುಡುಕಬೇಕು, ಮತ್ತೆ ಮೀಟಿಂಗಿಗೆ ಸೇರಿಕೊಳ್ಳಬೇಕು. ನಿಮ್ಮ ಹತ್ತು ಹದಿನೈದು ಸೆಕೆಂಡು ಹೋಗುವುದು ಇದರಲ್ಲೇ. ಅದರಲ್ಲೂ ದೊಡ್ಡ ಪಾಲು, ಕೆಲಸಕ್ಕೆ ಬಾರದ ವೈಫೈಯನ್ನು ಹಿಡಿದುಕೊಂಡಿರುವ ಹೊತ್ತಿನಲ್ಲಿ.

ಇಂಟರ್ನೆಟ್ಟನ್ನು ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. 1996ರಲ್ಲೇ ಮೊಬೈಲ್ ಐಪಿ ಅನ್ನುವ ಪದ್ಧತಿ ಬರೆದಿಟ್ಟಿದ್ದರು. ಹಳೇ ಮನೆಯಲ್ಲಿ ಒಬ್ಬರನ್ನು ಕೂರಿಸಿ, ಬಂದ ಕಾಗದವನ್ನೆಲ್ಲ ಹೊಸ ವಿಳಾಸಕ್ಕೆ ಕಳಿಸಿಕೊಡುವ ಉಪಾಯ ಅದು. ಯೋಚನೆ ಚೆನ್ನಾಗಿತ್ತು. ಆದರೆ ಹಾಗೆ ಕಾಗದ ದಾಟಿಸುವ ಯಂತ್ರವನ್ನು ಯಾರೋ ಇಟ್ಟು ನಡೆಸಬೇಕು, ಎಲ್ಲವೂ ಸುತ್ತು ಬಳಸಿ ಬರಬೇಕು. ಸಾಮಾನ್ಯ ಜನರ ಫೋನಿನವರೆಗೆ ಅದು ಬರಲೇ ಇಲ್ಲ. ಮೊಬೈಲ್ ಕಂಪನಿಗಳು ಹೆಚ್ಚುಕಡಿಮೆ ಅದೇ ಯೋಚನೆಯನ್ನು ತಮ್ಮ ಜಾಲದ ಒಳಗೆ ಬೇರೆ ರೀತಿಯಲ್ಲಿ ಬಳಸಿಕೊಂಡವು. ಅದಕ್ಕೇ ಟವರ್ ಬದಲಾದರೂ ನಿಮ್ಮ ಫೋನಿನ ವಿಳಾಸ ಸಾಮಾನ್ಯವಾಗಿ ಬದಲಾಗುವುದಿಲ್ಲ. ಇದನ್ನು ನೆನಪಿಡಿ, ರೈಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಬರುತ್ತಿರುವ ಪರಿಹಾರ ಬೇರೆ ಥರದ್ದು. ಆಸ್ಪತ್ರೆಯಲ್ಲಿ ನಿಮಗೊಂದು ಕಾರ್ಡ್ ನಂಬರ್ ಕೊಡುತ್ತಾರೆ. ಯಾವ ಕೌಂಟರಿಗೆ ಹೋದರೂ ಆ ನಂಬರ್ ಹೇಳಿದರೆ ನಿಮ್ಮ ಫೈಲು ಬರುತ್ತದೆ. ನೀವು ಯಾವ ಬಾಗಿಲಿನಿಂದ ಒಳಗೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಕ್ವಿಕ್ ಅನ್ನುವ ಹೊಸ ಪದ್ಧತಿ ಹೀಗೇ ಕೆಲಸ ಮಾಡುತ್ತದೆ. ಗೂಗಲ್ ಶುರುಮಾಡಿದ ಇದು 2021ರ ಮೇ ತಿಂಗಳಲ್ಲಿ ಎಲ್ಲರಿಗೂ ಅನ್ವಯಿಸುವ ಮಾನದಂಡವಾಯಿತು. ಇದರಲ್ಲಿ ಸಂಪರ್ಕಕ್ಕೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ವಿಳಾಸ ಬದಲಾದರೂ ಮಾತು ಮುಂದುವರಿಯಬಹುದು. ಆದರೆ ಬಹುದು ಅನ್ನುವ ಪದಕ್ಕೆ ಇಲ್ಲಿ ತೂಕ ಇದೆ. ಆ್ಯಪ್ ಮಾಡಿದವರು, ಸರ್ವರ್ ನಡೆಸುವವರು ಇಬ್ಬರೂ ಅದನ್ನು ಬಳಸಿಕೊಂಡಿರಬೇಕು. ಎಲ್ಲರೂ ಬಳಸಿಕೊಂಡಿಲ್ಲ.

ಇನ್ನೊಂದು ಉಪಾಯ, ಎರಡು ದಾರಿಯನ್ನೂ ಒಟ್ಟಿಗೆ ಹಿಡಿಯುವುದು. ಮಲ್ಟಿಪಾತ್ ಟಿಸಿಪಿ ಅಂತ ಅದಕ್ಕೆ ಹೆಸರು. ಆಪಲ್ 2013ರಲ್ಲೇ ಸಿರಿಗೆ ಅದನ್ನು ಬಳಸಿತು. ಮನೆಯಿಂದ ಕಾರಿಗೆ ಹೋಗುತ್ತಾ ಸಿರಿಯ ಜೊತೆ ಮಾತಾಡುವವರು ಜಾಸ್ತಿ, ವೈಫೈ ಕೊನೆಯಾಗುವ ಜಾಗದಲ್ಲೇ ಅದು ಕೈಕೊಡುತ್ತಿತ್ತು. ನಿಮ್ಮ ಗೇಟಿನ ತೊಂದರೆಯೇ ಅವರದೂ ಆಗಿತ್ತು.

ಇನ್ನು ಯಜಮಾನರ ಯೂಟ್ಯೂಬ್. ಅವರ ಫೋನೂ ನಿಮ್ಮದರ ಹಾಗೇ ತಡವರಿಸುತ್ತಿರುತ್ತದೆ. ವಿಡಿಯೋದ ಮುಂದಿನ ಅರ್ಧ ನಿಮಿಷವೋ ಒಂದು ನಿಮಿಷವೋ ಮೊದಲೇ ಫೋನಿಗೆ ಬಂದು ಕೂತಿರುತ್ತದೆ. ನಡುವೆ ಹತ್ತು ಸೆಕೆಂಡು ಇಂಟರ್ನೆಟ್ ಇಲ್ಲದಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಮೀಟಿಂಗಿನಲ್ಲಿ ಎದುರಿನವರು ಇನ್ನೂ ಆಡದ ಮಾತನ್ನು ಮೊದಲೇ ತಂದಿಡಲು ಆಗುವುದಿಲ್ಲ. ನಿಮ್ಮ ಫೋನು ಕೆಟ್ಟದ್ದು, ಅವರದು ಒಳ್ಳೆಯದು ಅನ್ನುವ ಲೆಕ್ಕ ಬೇಡ.

ಮೆಟ್ಟಿಲ ಮೇಲೆ

ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಮಹಡಿಯ ರೌಟರ್ ಮೇಲೆ. ಇದು ನಾನು ಮನೆಮನೆಯಲ್ಲಿ ನೋಡಿದ ತಪ್ಪು. ಕೆಳಗಿನ ರೌಟರಿನಿಂದ ಒಂದು ಕೇಬಲ್ ಎಳೆದು, ಮೇಲಿನ ರೌಟರಿನ ವ್ಯಾನ್ ಪೋರ್ಟಿಗೆ ಚುಚ್ಚಿ ಹೋಗಿಬಿಡುತ್ತಾರೆ. ಸಾಮಾನ್ಯವಾಗಿ ನೀಲಿ ಬಣ್ಣದ, ಬೇರೆಯಾಗಿ ಕಾಣುವ ತೂತು ಅದು. ಇಂಟರ್ನೆಟ್ ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ಹೀಗೆ ಚುಚ್ಚಿದಾಗ ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ಬೇರೆ ಬೇರೆ ಜಾಲ ಆಗುತ್ತವೆ. ಮೇಲಿನ ರೌಟರ್ ತನ್ನದೇ ವಿಳಾಸ ಹಂಚಲು ಕೂರುತ್ತದೆ. ಹದಿನೈದು ಮೆಟ್ಟಿಲು ಹತ್ತಿದರೆ ಊರು ಬದಲಿಸಿದ ಹಾಗೆ, ಫೋನಿಗೆ ಹೊಸ ವಿಳಾಸ. ಮೇಲೆ ಹೇಳಿದ ರಾಮಾಯಣವೆಲ್ಲ ಮನೆ ಒಳಗೇ ನಡೆಯುತ್ತದೆ.

ನೋಡುವುದು ಸುಲಭ. ಕೆಳಗೆ ನಿಂತು ಫೋನಿನ ವೈಫೈ ವಿವರದಲ್ಲಿ ಐಪಿ ಅಡ್ರೆಸ್ ನೋಡಿ. ಉದಾಹರಣೆಗೆ 192.168.1.ಏನೋ ಅಂತ ಇರುತ್ತದೆ. ಮೇಲೆ ಹೋಗಿ ಮತ್ತೆ ನೋಡಿ. ಅಲ್ಲಿ 192.168.0.ಏನೋ ಅಂತ ಬಂದರೆ, ಅಂದರೆ ಚುಕ್ಕೆಗಳ ನಡುವಿನ ಮೂರನೆಯ ಸಂಖ್ಯೆ ಬೇರೆಯಾದರೆ, ತಪ್ಪು ಸಿಕ್ಕಿತು ಅಂತ ತಿಳಿಯಿರಿ.

ಸರಿಮಾಡಲು ಮೇಲಿನ ರೌಟರಿನ ಸೆಟ್ಟಿಂಗಿಗೆ ಹೋಗಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ಆಗ ಅದು ತಾನೇ ವಿಳಾಸ ಹಂಚದೆ, ಕೆಳಗಿನ ಜಾಲವನ್ನೇ ಮೇಲೆ ವೈಫೈಯಾಗಿ ಕೊಡುತ್ತದೆ. ಈಚಿನ ರೌಟರುಗಳಲ್ಲಿ ಬಹುಪಾಲು ಇದು ಇರುತ್ತದೆ. ಹಳೆಯ ರೌಟರಾಗಿ ಆ ಆಯ್ಕೆ ಇಲ್ಲದಿದ್ದರೆ, ಮೊದಲು ಅದರ ಸ್ವಂತ ವಿಳಾಸವನ್ನು ಕೆಳಗಿನದರ ಜೊತೆ ಡಿಕ್ಕಿಯಾಗದ ಹಾಗೆ ಬದಲಿಸಿ, ಆಮೇಲೆ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ ಪೋರ್ಟಿನಿಂದ ತೆಗೆದು ಪಕ್ಕದ ಲ್ಯಾನ್ ಪೋರ್ಟಿಗೆ ಹಾಕಿ. ಹೊಸ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ರೌಟರಿನ ಅಡಿಗೆ ಅಂಟಿಸಿಡಿ. ಇಲ್ಲದಿದ್ದರೆ ಮುಂದೆ ಸೆಟ್ಟಿಂಗ್ ತೆರೆಯಬೇಕಾದಾಗ ದಾರಿ ಸಿಗದೆ ರೀಸೆಟ್ ಮಾಡಬೇಕಾಗುತ್ತದೆ.

ಇದಾದ ಮೇಲೆ ಎರಡೂ ರೌಟರಿಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ವಿಧಾನ ಇಡಿ. ಹೆಸರಿನ ಮುಂದೆ "ಮೇಲೆ", "ಕೆಳಗೆ" ಅಂತೆಲ್ಲ ಸೇರಿಸಬೇಡಿ. ಹೆಸರು ಬೇರೆಯಾದರೆ ಫೋನಿನ ಮಟ್ಟಿಗೆ ಅವು ಸಂಬಂಧವೇ ಇಲ್ಲದ ಎರಡು ವೈಫೈಗಳು. ಚಾನೆಲ್, ಅಂದರೆ ರೌಟರ್ ಮಾತಾಡುವ ರೇಡಿಯೋ ಅಲೆಯ ಪಟ್ಟಿ, ಮಾತ್ರ ಬೇರೆ ಬೇರೆ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11, ಇವುಗಳಲ್ಲಿ ಎರಡನ್ನು ಆರಿಸಿ. ಈಗ ಮೆಟ್ಟಿಲು ಹತ್ತಿದಾಗ ಫೋನು ರೌಟರ್ ಬದಲಿಸಿದರೂ ವಿಳಾಸ ಹಾಗೇ ಉಳಿಯುತ್ತದೆ. ಒಂದೆರಡು ಪದ ನುಂಗಿಹೋಗಬಹುದು, ಮೀಟಿಂಗ್ ನಿಲ್ಲುವುದಿಲ್ಲ.

ಇನ್ನೂ ಒಂದು ಕೆಲಸ ಇದೆ, ಕೇಳಿದರೆ ಉಲ್ಟಾ ಅನ್ನಿಸಬಹುದು. ರೌಟರಿನ ಸೆಟ್ಟಿಂಗಿನಲ್ಲಿ ಟ್ರಾನ್ಸ್‌ಮಿಟ್ ಪವರ್ ಅಂತ ಇದ್ದರೆ ಅದನ್ನು ಹೈ ಬಿಟ್ಟು ಮೀಡಿಯಂಗೆ ಇಳಿಸಿ ನೋಡಿ. ದನಿ ಸ್ವಲ್ಪ ತಗ್ಗಿದರೆ ಫೋನು ಬೇಗ ಬಿಟ್ಟು ಹತ್ತಿರದ್ದನ್ನು ಹಿಡಿಯುತ್ತದೆ. ಗೇಟಿನ ಹತ್ತಿರವೂ ಇದರಿಂದ ಅನುಕೂಲ ಆಗುತ್ತದೆ. ತೊಂದರೆ ಏನೆಂದರೆ, ಮನೆಯ ಯಾವುದೋ ಮೂಲೆಯ ಕೋಣೆಗೆ ವೈಫೈ ಮುಟ್ಟದೆ ಹೋಗಬಹುದು. ಒಂದು ದಿನ ಬಳಸಿ ನೋಡಿ, ಮನೆಯವರನ್ನು ಕೇಳಿ, ಆಮೇಲೆ ಹಾಗೇ ಬಿಡಿ.

ಮೆಶ್ ವೈಫೈ ಕಿಟ್, ಅಂದರೆ ಒಂದೇ ಜಾಲವಾಗಿ ಸೇರಿ ಕೆಲಸ ಮಾಡುವ ರೌಟರುಗಳ ಗುಂಪು, ತಗೊಂಡರೆ ಈ ಕೆಲಸವೆಲ್ಲ ಅದೇ ಮಾಡಿಕೊಳ್ಳುತ್ತದೆ. ಅದರಲ್ಲಿ 802.11ಕೆ, 802.11ವಿ, 802.11ಆರ್ ಅನ್ನುವ ಮೂರು ಅನುಕೂಲ ಇದೆಯಾ ನೋಡಿ. ಮೊದಲಿನದು ಅಕ್ಕಪಕ್ಕದಲ್ಲಿ ಯಾವ ರೌಟರ್ ಇದೆ ಅಂತ ಫೋನಿಗೆ ಹೇಳುತ್ತದೆ. ಎರಡನೆಯದು, ನೀನು ಅಲ್ಲಿಗೆ ಹೋದರೆ ಒಳ್ಳೆಯದು ಅಂತ ಸೂಚಿಸುತ್ತದೆ. ಮೂರನೆಯದು ಹೊಸ ರೌಟರಿಗೆ ಸೇರುವಾಗಿನ ಭದ್ರತಾ ಪರಿಶೀಲನೆಯ ಹೊತ್ತನ್ನು ಕಡಿಮೆ ಮಾಡುತ್ತದೆ. ಆರ್ ಆನ್ ಮಾಡಿದಾಗ ಕೆಲವು ಹಳೆಯ ಪ್ರಿಂಟರು, ಹಳೆಯ ಫೋನು ವೈಫೈಗೆ ಸೇರುವುದೇ ಇಲ್ಲ ಅಂತ ಹಟ ಹಿಡಿಯುತ್ತವೆ, ಅದು ಗೊತ್ತಿರಲಿ. ನಿಮಗೆ ಈಗಾಗಲೇ ಎರಡು ರೌಟರ್ ಇದೆ, ನಡುವೆ ಕೇಬಲ್ಲೂ ಇದೆ. ನನ್ನ ಕೇಳಿದರೆ ಮೊದಲು ಅದನ್ನೇ ಸರಿಮಾಡಿ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ರಿಪೀಟರ್ ಮಾತ್ರ ಬೇಡ. ಅಂಥದ್ದರಲ್ಲಿ ಬಹಳಷ್ಟು ಒಂದೇ ಚಾನೆಲ್ಲಿನಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುತ್ತವೆ. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮತ್ತೆ ಗೇಟಿಗೆ

ಇನ್ನು ವೈಫೈ ಆಫ್ ಮಾಡುವ ಮಾತು. ಮೀಟಿಂಗಿನ ನಡುವೆ ಹೊರಗೆ ಹೋಗಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಮೀಟಿಂಗ್ ಶುರುವಾಗುವ ಮೊದಲೇ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಸೇರಿಕೊಳ್ಳಿ. ಯಜಮಾನರು ಹೇಳಿದ್ದರಲ್ಲಿ ಸರಿ ಇರುವ ಅರ್ಧ ಇದು. ನಡುವೆ ಆಫ್ ಮಾಡಿದರೆ ವಿಳಾಸ ಬದಲಾಗುವುದು ತಪ್ಪುವುದಿಲ್ಲ. ಆದರೂ ಆಗ ನಿಲ್ಲುವುದು ಕೆಲವೇ ಸೆಕೆಂಡು, ಯಾಕೆಂದರೆ ಅಂಟಿಕೊಂಡಿರುವ ಹೊತ್ತು ಉಳಿತಾಯವಾಗುತ್ತದೆ. ಯಾವಾಗಲೂ ಆಫ್ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ವಿಡಿಯೋ ಮೀಟಿಂಗ್ ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಿನ್ನುತ್ತದೆ. ದಿನಕ್ಕೆ 1.5 ಅಥವಾ 2 ಜಿಬಿ ಪ್ಲಾನ್ ಇದ್ದರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇನ್ನೊಂದು ವಿಷಯ, ಕೆಲವು ಆಂಡ್ರಾಯ್ಡ್ ಫೋನುಗಳು ಗೊತ್ತಿರುವ ವೈಫೈ ಹತ್ತಿರ ಬಂದಾಗ ತಾವೇ ವೈಫೈ ಆನ್ ಮಾಡಿಕೊಳ್ಳುತ್ತವೆ. ನೀವು ಆಫ್ ಮಾಡಿದ್ದೀರಿ ಅಂದುಕೊಂಡಿರುತ್ತೀರಿ, ಅದು ಆನ್ ಆಗಿರುತ್ತದೆ.

ಫೋನಿಗೇ ಈ ಕೆಲಸ ಒಪ್ಪಿಸುವ ಸೆಟ್ಟಿಂಗೂ ಇದೆ. ಸ್ಯಾಮ್‌ಸಂಗ್ ಫೋನಾದರೆ ವೈಫೈ ಸೆಟ್ಟಿಂಗಿನಲ್ಲಿ ಇಂಟೆಲಿಜೆಂಟ್ ವೈಫೈ ಒಳಗೆ ಸ್ವಿಚ್ ಟು ಮೊಬೈಲ್ ಡೇಟಾ ಅಂತ ಇರುತ್ತದೆ. ಐಫೋನಿನಲ್ಲಿ ಮೊಬೈಲ್ ಡೇಟಾ ಪುಟದ ಕೆಳಗೆ ಇಳಿದರೆ ವೈಫೈ ಅಸಿಸ್ಟ್ ಸಿಗುತ್ತದೆ. ಬೇರೆ ಕಂಪನಿಗಳಲ್ಲಿ ಹೆಸರು ಬೇರೆ, ವೈಫೈ ಸೆಟ್ಟಿಂಗಿನ ಒಳಗೇ ಹುಡುಕಿ. ಇವನ್ನು ಆನ್ ಮಾಡಿದರೆ ವೈಫೈ ಸೊರಗಿದಾಗ ಫೋನು ಬೇಗ ಬಿಡುತ್ತದೆ. ಅಪಾಯ ಡೇಟಾದ್ದೇ. ಮನೆಯ ವೈಫೈ ಕೆಟ್ಟ ದಿನ ನಿಮಗೆ ಗೊತ್ತಾಗದ ಹಾಗೆ ಮೊಬೈಲ್ ಡೇಟಾ ಖಾಲಿಯಾಗುತ್ತದೆ. ವೈಫೈ ಅಸಿಸ್ಟ್ ಕೆಲವು ಆಡಿಯೋ, ವಿಡಿಯೋ ಆ್ಯಪುಗಳಿಗೆ ಕೆಲಸ ಮಾಡುವುದಿಲ್ಲ ಅಂತ ಆಪಲ್ ತಾನೇ ಹೇಳಿದೆ. ಹಾಗಾಗಿ ಅದನ್ನೇ ಪೂರ್ತಿ ನೆಚ್ಚಬೇಡಿ.

ಕಡಿದುಹೋಗಲೇಬಾರದ ಮಾತುಕತೆ ಇದ್ದರೆ ನಾನು ಹೇಳುವುದು ಸಾದಾ ಫೋನ್ ಕರೆ. ಬಹಳಷ್ಟು ಮೀಟಿಂಗುಗಳಿಗೆ ಡಯಲ್ ಮಾಡಿ ಸೇರುವ ನಂಬರ್ ಇರುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರುಮಾಡಿದವು. ಇದರಲ್ಲಿ ಮಾತು ಮನೆಯ ವೈಫೈ ಮೇಲೆ ಹೋದರೂ ನೇರ ಮೊಬೈಲ್ ಕಂಪನಿಯ ಜಾಲದೊಳಗೇ ಸೇರುತ್ತದೆ. ನೀವು ಗೇಟು ದಾಟಿದಾಗ ಅದೇ ಕರೆಯನ್ನು ಕಂಪನಿ 4ಜಿ ಟವರಿಗೆ ದಾಟಿಸಿಕೊಳ್ಳುತ್ತದೆ. ಗೇಟಿನ ಹೊರಗೆ 4ಜಿ ಚೆನ್ನಾಗಿರಬೇಕು, ಇಲ್ಲದಿದ್ದರೆ ದಾಟಿಸಲು ಜಾಗ ಇರುವುದಿಲ್ಲ. ಮುಖ ಕಾಣುವುದಿಲ್ಲ, ಸ್ಕ್ರೀನ್ ಕಾಣುವುದಿಲ್ಲ. ಆದರೆ ಮಾತು ನಿಲ್ಲುವುದು ತೀರಾ ಕಡಿಮೆ.

ಬೂಸ್ಟರ್ ವಿಷಯದಲ್ಲಿ ಖಡಾಖಂಡಿತ ಹೇಳುತ್ತೇನೆ. ಮೊಬೈಲ್ ಸಿಗ್ನಲ್ ಬೂಸ್ಟರನ್ನು ಅನುಮತಿ ಇಲ್ಲದೆ ಮನೆಗೆ ಹಾಕಿಸಿಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ದೂರಸಂಪರ್ಕ ಇಲಾಖೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಮನೆಯ ಬೂಸ್ಟರಿನಿಂದ ಟವರಿಗೆ ಗದ್ದಲ ಹೋಗಿ ಸುತ್ತಲಿನವರ ಕರೆ ಕೆಡುತ್ತದೆ. ಇನ್ನು ಸಿಗ್ನಲ್ ಹೆಚ್ಚಿಸುತ್ತೇವೆ ಅನ್ನುವ ಆ್ಯಪುಗಳು. ಯಾವ ಆ್ಯಪೂ ಆಂಟೆನಾವನ್ನು ದೊಡ್ಡದು ಮಾಡುವುದಿಲ್ಲ. ಸುಮ್ನೆ ಜಾಹೀರಾತು ತೋರಿಸುತ್ತವೆ, ನಿಮ್ಮ ಫೋನಿನ ಮಾಹಿತಿ ತಗೊಳ್ಳುತ್ತವೆ. 5ಜಿ ಫೋನಿನಿಂದ ರಸ್ತೆಯಲ್ಲಿ ವೇಗ ಸಿಗುತ್ತದೆ, ಆದರೆ ವೈಫೈನಿಂದ ಮೊಬೈಲ್ ಡೇಟಾಗೆ ಹಾರುವಾಗ ವಿಳಾಸ ಬದಲಾಗುವುದು ಹಾಗೇ ಇರುತ್ತದೆ.

ತರಕಾರಿ ಗಾಡಿಯವರ ದುಡ್ಡು

ಎರಡು ಸಲ ಹೋಯಿತು ಅಂತ ಓದಿ ಬೇಜಾರಾಯಿತು. ಅಲ್ಲಿ ನಡೆದದ್ದು ಹೀಗೆ. ನಿಮ್ಮ ಕೋರಿಕೆ ಬ್ಯಾಂಕಿಗೆ ಹೋಗಿ ಮುಟ್ಟಿದೆ, ದುಡ್ಡೂ ಹೋಗಿದೆ. ಉತ್ತರ ವಾಪಸ್ ಬರುವಷ್ಟರಲ್ಲಿ ವೈಫೈ ಸತ್ತಿದೆ. ಚಕ್ರ ಸುತ್ತುತ್ತಿದೆ ಅಂದರೆ ದುಡ್ಡು ಹೋಗಿಲ್ಲ ಅಂತ ಅರ್ಥವಲ್ಲ. ಮತ್ತೆ ಒತ್ತಿದರೆ ಅದು ಹೊಸದೇ ವ್ಯವಹಾರ.

ಮುಂದಿನ ಸಲ ಗೇಟಿಗೆ ಹೋಗುವಾಗ ವೈಫೈ ಆಫ್ ಮಾಡಿಯೇ ಹೋಗಿ. ಆದರೂ ಸಿಕ್ಕಿಹಾಕಿಕೊಂಡರೆ ಮತ್ತೆ ಒತ್ತಬೇಡಿ. ಆ್ಯಪಿನ ಹಿಸ್ಟರಿ ನೋಡಿ, ಬ್ಯಾಂಕಿನ ಮೆಸೇಜು ನೋಡಿ, ಗಾಡಿಯವರ ಫೋನು ನೋಡಲು ಹೇಳಿ. ಪೆಂಡಿಂಗ್ ಅಂತ ಇದ್ದರೆ ಕಾಯಿರಿ, ಅಥವಾ ಕೈಯಲ್ಲಿ ನಗದು ಕೊಟ್ಟು, ಬಂದರೆ ಆಮೇಲೆ ಲೆಕ್ಕ ಮಾಡೋಣ ಅನ್ನಿ. ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಮುಟ್ಟದೆ ಹೋದರೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಮರುದಿನದೊಳಗೆ, ವ್ಯಾಪಾರಿಗೆ ಕೊಟ್ಟದ್ದು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದರೆ ನಿಮ್ಮದು ಎರಡು ಸಲವೂ ಅವರಿಗೆ ಮುಟ್ಟಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಗಾಡಿಯವರನ್ನೇ ಕೇಳಬೇಕು. ದಿನಾ ಬರುವವರಾದರೆ ತರಕಾರಿಯಲ್ಲಿ ಮುರಿದುಕೊಳ್ಳಬಹುದು.

ರೈಲಿನಲ್ಲಿ

ಮೈಸೂರು ಬೆಂಗಳೂರು ದಾರಿ ಸುಮಾರು 140 ಕಿಲೋಮೀಟರು. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದು ಕಿಲೋಮೀಟರ್ 36 ಸೆಕೆಂಡಿಗೆ ಮುಗಿಯುತ್ತದೆ. ಫೋನು ಟವರ್ ಮೇಲೆ ಟವರ್ ಬದಲಿಸುತ್ತಲೇ ಇರುತ್ತದೆ. ಮೊದಲೇ ಹೇಳಿದ ಹಾಗೆ ಟವರ್ ಬದಲಾದಾಗ ವಿಳಾಸ ಉಳಿಯುತ್ತದೆ. ಹಾಗಾದರೆ ವಿಪಿಎನ್ ಯಾಕೆ ಕಡಿಯುತ್ತದೆ?

ನನ್ನ ಅನುಮಾನ ಮೊದಲು ಸ್ಟೇಷನ್ನಿನ ವೈಫೈ ಮೇಲೆ. ರೈಲ್ವೆಯ ದೂರಸಂಪರ್ಕ ಕಂಪನಿ ರೈಲ್‌ಟೆಲ್‌ನವರ ರೈಲ್‌ವೈರ್ ವೈಫೈ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಲ್ಲಿ ಶುರುವಾಗಿ ಈಗ ದೇಶದ ಸಾವಿರಾರು ಸ್ಟೇಷನ್ನುಗಳಲ್ಲಿದೆ. ಪ್ಲಾಟ್‌ಫಾರಂ ಮೇಲೆ ಕೂತು ಕಾಯುವವರಿಗೆ ಅದು ನಿಜವಾಗಿಯೂ ಉಪಕಾರಿ. ಆದರೆ ನೀವು ಎಂದೋ ಒಮ್ಮೆ ಲಾಗಿನ್ ಆಗಿದ್ದರೆ ಫೋನು ಆ ಹೆಸರನ್ನು ನೆನಪಿಟ್ಟಿರುತ್ತದೆ. ರೈಲು ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಂತಾಗ ತಾನಾಗಿ ಅದಕ್ಕೆ ಸೇರಿಕೊಳ್ಳಬಹುದು. ರೈಲು ಹೊರಟ ಮೇಲೆ ಮತ್ತೆ ಮೊಬೈಲ್ ಡೇಟಾ. ಒಂದು ಸ್ಟೇಷನ್ನಿಗೆ ಎರಡು ಸಲ ವಿಳಾಸ ಬದಲು. ವೈಫೈ ಪಟ್ಟಿಯಲ್ಲಿ ಆ ಹೆಸರನ್ನು ಫರ್ಗೆಟ್ ಮಾಡಿ, ಅಥವಾ ಆಟೋ ಕನೆಕ್ಟ್ ಆಫ್ ಮಾಡಿ. ರೈಲು ಹತ್ತುವ ಮೊದಲೇ ಫೋನಿನ ವೈಫೈ ಆಫ್ ಮಾಡಿ, ಇಳಿಯುವವರೆಗೆ ಮೊಬೈಲ್ ಡೇಟಾದಲ್ಲೇ ಇರಿ. ಲ್ಯಾಪ್‌ಟಾಪನ್ನು ಫೋನಿಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಕಟ್ಟಿ. ಹಾಟ್‌ಸ್ಪಾಟಿನ ಗದ್ದಲ ಇರುವುದಿಲ್ಲ, ಫೋನು ಚಾರ್ಜೂ ಆಗುತ್ತದೆ.

ಎರಡನೆಯದು ವಿಪಿಎನ್ ಯಾವ ಥರದ್ದು ಅನ್ನುವುದು. ಟಿಸಿಪಿ ಮೇಲೆ ಓಡುವ ಹಳೆಯ ಥರದ ವಿಪಿಎನ್ ವಿಳಾಸ ಬದಲಾದರೆ ತಾಳುವುದಿಲ್ಲ. ಐಕೆಇವಿ2 ಅನ್ನುವ ಥರದ ವಿಪಿಎನ್ ಜೊತೆ, ವಿಳಾಸ ಬದಲಾದರೂ ಸಂಪರ್ಕ ಉಳಿಸುವ ಮೊಬೈಕ್ ಅನ್ನುವ ಅನುಕೂಲ ಇದ್ದರೆ ತಾಳುತ್ತದೆ. 2006ರಿಂದಲೇ ಇದೆ ಅದು. ವೈರ್‌ಗಾರ್ಡ್ ಅನ್ನುವ ಇನ್ನೊಂದು ಥರದ ವಿಪಿಎನ್ ಕೂಡ ತಾಳುತ್ತದೆ. ಇದನ್ನು ನೀವು ಬದಲಿಸಲು ಆಗುವುದಿಲ್ಲ. ನಿಮ್ಮ ಕಂಪನಿಯ ಐಟಿಯವರನ್ನು ಕೇಳಿ: "ನೆಟ್‌ವರ್ಕ್ ಬದಲಾದಾಗ ಕಡಿಯದ ಪ್ರೊಫೈಲ್ ಏನಾದರೂ ಇದೆಯಾ?" ಎಷ್ಟೋ ಕಡೆ ಇರುತ್ತದೆ, ಯಾರೂ ಕೇಳಿರುವುದಿಲ್ಲ. ಎರಡು ದಾರಿಯನ್ನೂ ಒಟ್ಟಿಗೆ ಬಳಸುವ ದುಡ್ಡಿನ ಆ್ಯಪುಗಳೂ ಸಿಗುತ್ತವೆ. ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ನಿಮ್ಮ ಡೇಟಾ ಎಲ್ಲ ಅವರ ಸರ್ವರ್ ಮೂಲಕ ಹೋಗುತ್ತದೆ. ಆಫೀಸ್ ಕೆಲಸಕ್ಕೆ ಐಟಿಯವರ ಒಪ್ಪಿಗೆ ಇಲ್ಲದೆ ಹಾಕಿಕೊಳ್ಳಬೇಡಿ.

ಫೋನು 5ಜಿಗೂ 4ಜಿಗೂ ನಡುವೆ ಓಲಾಡುತ್ತಿದ್ದರೆ ರೈಲಿನಲ್ಲಿ ಇರುವಷ್ಟು ಹೊತ್ತು 4ಜಿಗೆ ಮಾತ್ರ ಇಟ್ಟು ನೋಡಿ. ವೇಗ ಸ್ವಲ್ಪ ಕಡಿಮೆಯಾದರೂ ಒಂದೇ ಸಮ ಇರುತ್ತದೆ. ಮೀಟಿಂಗಿಗೆ ಬೇಕಾದ್ದು ಅದೇ. ಇಳಿದ ಮೇಲೆ ವಾಪಸ್ ಹಾಕಿ.

ಊರು ಮುಗಿದು ಇನ್ನೊಂದು ಊರು ಬರುವವರೆಗಿನ ಬಯಲಿನಲ್ಲಿ ಸಿಗ್ನಲ್ ತೆಳುವಾಗುತ್ತದೆ. ಬೋಗಿಯ ಲೋಹದ ಮೈಯೂ ಸ್ವಲ್ಪ ತಡೆಯುತ್ತದೆ. ಅಲ್ಲಿ ಯಾವ ಸೆಟ್ಟಿಂಗೂ ನೆರವಿಗೆ ಬರುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲಿನಲ್ಲಿ ಹೋಗುವವರು ಯಾರೂ ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ, ಅಲ್ವಾ? ನಿಮ್ಮ ದಾರಿ ಅಷ್ಟು ಕಷ್ಟದ್ದಲ್ಲ. ಆದರೂ ಎರಡು ಮೂರು ಸಲ ಹೋಗುವಾಗ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜಾಗಗಳು ಅವೇ ಇರುತ್ತವೆ. ನೀವು ಮಾತಾಡಬೇಕಾದ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಫೈಲುಗಳನ್ನು ಹೊರಡುವ ಮೊದಲೇ ಇಳಿಸಿಕೊಂಡಿರಿ.

ಮೊದಲು ಮಹಡಿಯ ರೌಟರ್ ನೋಡಿ. ಅದಾದ ಮೇಲೂ ಮೆಟ್ಟಿಲಲ್ಲಿ ನಿಲ್ಲುತ್ತಿದ್ದರೆ ಎರಡೂ ರೌಟರಿನ ಮಾಡೆಲ್ ನಂಬರ್, ಕೇಬಲ್ ಯಾವ ತೂತಿನಲ್ಲಿದೆ ಅನ್ನುವುದು, ಮೇಲೆ ಕೆಳಗೆ ಕಂಡ ಐಪಿ ಅಡ್ರೆಸ್, ಇಷ್ಟು ಬರೆದು ಕಳಿಸಿ. ರೌಟರಿನ ಹಿಂಭಾಗದ ಫೋಟೋ ಕಳಿಸುವುದಾದರೆ ಅದರ ಚೀಟಿಯಲ್ಲಿರುವ ವೈಫೈ ಪಾಸ್‌ವರ್ಡನ್ನು ಮುಚ್ಚಿ ತೆಗೆಯಿರಿ.